ಬಳ್ಳಿ ತುಂಬ ಹೂವು, ಕಾಯಿ ಮಾತ್ರ ನಿಲ್ಲುತ್ತಿಲ್ಲ: ಸಿಹಿಗುಂಬಳ ಬೆಳೆದವರು ಅನುಭವ ಹೇಳಿ

ಹೊಸ ಹಿತ್ತಲು:
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಇರುವ ಸ್ವಲ್ಪ ಜಾಗದಲ್ಲಿ ಮೊದಲ ಸಲ ಸಿಹಿಗುಂಬಳ ಹಾಕಿದ್ದೇನೆ. ಎರಡು ಬಳ್ಳಿ. ಚೆನ್ನಾಗಿಯೇ ಹಬ್ಬಿವೆ, ಬೇಲಿ ದಾಟುವ ಹಾಗಿವೆ. ಮೊದಮೊದಲು ಬಂದ ಹೂವೆಲ್ಲ ಒಂದೇ ದಿನಕ್ಕೆ ಬಾಡಿ ಉದುರಿದವು. ಈಗ ಕೆಲವು ಹೂವಿನ ಕೆಳಗೆ ಪುಟ್ಟ ಹೀಚು ಕಾಣುತ್ತಿದೆ. ಖುಷಿಪಡೋಣ ಅನ್ನುವಷ್ಟರಲ್ಲಿ ಅದು ಹಳದಿಯಾಗಿ, ಮೆತ್ತಗಾಗಿ ಬಿದ್ದುಹೋಗುತ್ತದೆ. ಒಂದೂ ನಿಂತಿಲ್ಲ. ಗೊಬ್ಬರ ಸಾಲದೇನೋ, ಯೂರಿಯಾ ಕೊಡಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಕೊಡಲಾ? ಕುಡಿ ಚಿವುಟಬೇಕಾ? ನೀರು ಎಷ್ಟು ಬೇಕು? ಒಂದು ಬಳ್ಳಿಗೆ ಎಷ್ಟು ಕಾಯಿ ಬಿಡಬಹುದು? ಬೆಳೆದವರು ನಿಮ್ಮ ಅನುಭವ ಹೇಳಿದರೆ ಉಪಕಾರ.

ಮಣ್ಣಿನ ಕೈ:
ಯೂರಿಯಾ ಬೇಡವೇ ಬೇಡ. ಬಳ್ಳಿ ಬೇಲಿ ದಾಟುತ್ತಿದೆ ಅಂದರೆ ಅದಕ್ಕೆ ಸಾರಜನಕ ಸಾಕಷ್ಟು ಸಿಕ್ಕಿದೆ. ಇನ್ನೂ ಕೊಟ್ಟರೆ ಎಲೆ ದೊಡ್ಡದಾಗುತ್ತದೆ, ಬಳ್ಳಿ ಉದ್ದವಾಗುತ್ತದೆ, ಗಂಡು ಹೂವು ಇನ್ನಷ್ಟು ಬರುತ್ತವೆ. ನೋಡಲು ಚೆಂದ, ಅಷ್ಟೇ.

ಮೊದಲು ಉದುರಿದ ಹೂವುಗಳ ಚಿಂತೆ ಬಿಡಿ. ಅವೆಲ್ಲ ಗಂಡು ಹೂವು. ಒಂದು ದಿನ ಅರಳಿ ಉದುರುವುದು ಅವುಗಳ ಕ್ರಮವೇ. ಕುಂಬಳದಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಮೊದಲು ಬರುತ್ತದೆ, ವಾರ ಹತ್ತು ದಿನ ಬಿಟ್ಟು ಹೆಣ್ಣು ಶುರುವಾಗುತ್ತದೆ. ಶುರುವಾದ ಮೇಲೂ ಗಂಡಿನ ಸಂಖ್ಯೆಯೇ ಜಾಸ್ತಿ. ಬಿಸಿಲು ಜೋರಾಗಿದ್ದು ಹಗಲು ಉದ್ದವಾಗಿದ್ದರಂತೂ ಹೆಣ್ಣು ಹೂವು ಹುಡುಕಬೇಕಾಗುತ್ತದೆ. ವಾತಾವರಣ ಸ್ವಲ್ಪ ತಂಪಾದಾಗ ತಾನಾಗಿ ಹೆಚ್ಚುತ್ತವೆ.

ಇನ್ನು ಆ ಹೀಚು. ಅದು ಹೂವು ಅರಳುವ ಮುಂಚೆಯೇ ಮೊಗ್ಗಿನ ಕೆಳಗೆ ಇರುತ್ತದೆ. ಹಾಗಾಗಿ ಅದನ್ನು ನೋಡಿ ಕಾಯಿ ಕಚ್ಚಿತು ಅಂದುಕೊಳ್ಳುವ ಹಾಗಿಲ್ಲ. ಹೂವಿಗೆ ಪರಾಗ ಸೇರಿದರೆ ಮಾತ್ರ ಅದು ಕಾಯಿ. ಸೇರದಿದ್ದರೆ ಮೂರ್ನಾಲ್ಕು ದಿನದಲ್ಲಿ ಹಳದಿಯಾಗಿ ಬೀಳುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇದೇ ಅನ್ನಿಸುತ್ತದೆ.

ಏನಾದರೂ ಕೊಡಲೇಬೇಕು ಅನ್ನಿಸಿದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಬುಡದಿಂದ ಒಂದಡಿ ದೂರಕ್ಕೆ ಒಂದೆರಡು ಬೊಗಸೆ ಹಾಕಿ, ಮೇಲೆ ಮಣ್ಣು ಎಳೆಯಿರಿ. ಪೊಟ್ಯಾಷ್ ಸಿಗಲಿ ಅಂತ ಕಟ್ಟಿಗೆ ಬೂದಿ ಹಾಕುವವರಿದ್ದಾರೆ. ಒಂದು ಹಿಡಿ ಸಾಕು. ಬೂದಿ ಜಾಸ್ತಿಯಾದರೆ ಮಣ್ಣು ಕ್ಷಾರವಾಗುತ್ತದೆ. ಕುಂಬಳಕ್ಕೆ ಪಿಎಚ್ 6ರಿಂದ 6.8ರ ನಡುವೆ ಇದ್ದರೆ ಒಳ್ಳೆಯದು.

ಬೆಳಗಿನ ಪಾಳಿ:
ಮಣ್ಣಿನ ಕೈ ಅವರು ಹೇಳಿದ್ದು ಸರಿ. ನಾನು ಮುಂದಿನ ಭಾಗ ಹೇಳುತ್ತೇನೆ, ಯಾಕೆಂದರೆ ನನ್ನ ತೋಟದಲ್ಲಿ ಕಾಯಿ ಕಚ್ಚಿಸುವುದು ಜೇನ್ನೊಣಕ್ಕಿಂತ ಹೆಚ್ಚಾಗಿ ನಾನೇ.

ನೀವು ತೋಟಕ್ಕೆ ಹೋಗುವುದು ಎಷ್ಟು ಹೊತ್ತಿಗೆ? ಹತ್ತು ಗಂಟೆಗೆ ಕಾಫಿ ಲೋಟ ಹಿಡಿದು ಹೋದರೆ ಹೂವು ಆಗಲೇ ಮುದುಡುತ್ತಿರುತ್ತದೆ. ಕುಂಬಳದ ಹೂವು ಬೆಳಕು ಹರಿಯುವ ಹೊತ್ತಿಗೆ ಅರಳಿ, ಬಿಸಿಲೇರಿದ ಹಾಗೆ ಮುಚ್ಚಿಕೊಳ್ಳುತ್ತದೆ. ಮತ್ತೆ ಅರಳುವುದಿಲ್ಲ. ಒಂದು ಹೆಣ್ಣು ಹೂವಿಗೆ ಸಿಗುವುದು ಆ ಒಂದು ಬೆಳಗು ಮಾತ್ರ. ಅಷ್ಟರಲ್ಲಿ ಜೇನ್ನೊಣ ಒಂದು ಸಲ ಬಂದು ಹೋದರೂ ಸಾಲದು, ಹಲವು ಸಲ ಬರಬೇಕು. ಒಳಗೆ ನೂರಾರು ಬೀಜ ಕಟ್ಟಬೇಕಲ್ಲ, ಅಷ್ಟಕ್ಕೂ ಪರಾಗ ಬೇಕು.

ಮೊದಲು ಹಿಂದಿನ ದಿನ ಸಂಜೆ ಒಂದು ಸುತ್ತು ಹಾಕಿ. ನಾಳೆ ಅರಳುವ ಮೊಗ್ಗು ಇವತ್ತೇ ಗೊತ್ತಾಗುತ್ತದೆ. ತುದಿಯ ಹಸಿರು ಹೋಗಿ ಹಳದಿ ಬಂದಿರುತ್ತದೆ, ಎಸಳು ಇನ್ನೂ ಮುರುಟಿಕೊಂಡಿರುತ್ತವೆ. ಹೆಣ್ಣು ಮೊಗ್ಗು ಎಲ್ಲಿದೆ ಅಂತ ಗುರುತಿಗೆ ಪಕ್ಕದಲ್ಲಿ ಒಂದು ಕಡ್ಡಿ ಚುಚ್ಚಿಡಿ. ಎಲೆಯ ಅಡಿಯಲ್ಲಿ ಅಡಗಿರುವುದರಿಂದ ಬೆಳಿಗ್ಗೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಬೆಳಿಗ್ಗೆ ಗಂಡು ಹೂವನ್ನು ತೊಟ್ಟಿನ ಸಮೇತ ಕೀಳಿ. ಗಂಡಿನ ತೊಟ್ಟು ಸಣ್ಣಗೆ ಉದ್ದವಾಗಿ ಎಲೆಗಳ ಮಧ್ಯೆ ನೇರ ನಿಂತಿರುತ್ತದೆ. ಎಸಳುಗಳನ್ನು ಸುಲಿದು ಹಾಕಿದರೆ ನಡುವೆ ಒಂದೇ ಒಂದು ಕಂಬ ಉಳಿಯುತ್ತದೆ. ಬೆರಳು ಮುಟ್ಟಿಸಿ ನೋಡಿ, ಹಳದಿ ಪುಡಿ ಅಂಟಬೇಕು. ಅಂಟದಿದ್ದರೆ ಅದು ಹಳೆಯದು, ಇನ್ನೊಂದು ಕೀಳಿ. ಹೆಣ್ಣಿನ ತೊಟ್ಟು ಗಿಡ್ಡ, ದಪ್ಪ. ಒಳಗೆ ನೋಡಿದರೆ ಕಂಬ ಇಲ್ಲ, ಬದಲಿಗೆ ಮೂರು ಗಂಟು. ಒಂದೊಂದೂ ನಡುವೆ ಸೀಳಿದ ಹಾಗಿರುತ್ತದೆ. ಮೇಲೆ ಸ್ವಲ್ಪ ಅಂಟು. ಕೈಯಲ್ಲಿರುವ ಗಂಡು ಹೂವನ್ನು ಬ್ರಷ್ ಥರ ಹಿಡಿದು ಮೂರೂ ಗಂಟಿನ ಮೇಲೆ, ಸೀಳಿನ ಎರಡೂ ಕಡೆ, ಮೆತ್ತಗೆ ಸವರಿ. ಒತ್ತಬೇಡಿ. ಒಂದು ಬದಿಗೆ ಮಾತ್ರ ಸವರಿ ಬಿಟ್ಟರೆ ಆ ಬದಿಯ ಬೀಜ ಮಾತ್ರ ಕಟ್ಟಿ, ಕಾಯಿ ಸೊಟ್ಟಗಾಗುತ್ತದೆ. ಇಲ್ಲವೇ ನಿಂಬೆಗಾತ್ರಕ್ಕೆ ಬಂದ ಮೇಲೆ ಉದುರುತ್ತದೆ. ಒಂದು ಹೆಣ್ಣಿಗೆ ಎರಡು ಮೂರು ಗಂಡು ಹೂವು ಬಳಸಿದರೆ ನಿಶ್ಚಿಂತೆ. ಹೇಗೂ ಗಂಡಿಗೆ ಬರವಿಲ್ಲವಲ್ಲ.

ಮಳೆ ಬರುವ ಹಾಗಿದ್ದರೆ ಸವರಿದ ಮೇಲೆ ಎಸಳುಗಳನ್ನು ಒಟ್ಟು ಸೇರಿಸಿ ದಾರದಿಂದ ಸಡಿಲವಾಗಿ ಕಟ್ಟಿಬಿಡಿ. ನೀರು ಬಿದ್ದರೆ ಪರಾಗ ಕೆಡುತ್ತದೆ.

ಆಮೇಲೆ ನಾಲ್ಕೈದು ದಿನ ಕಾಯಿರಿ. ನಿಂತ ಹೀಚು ಹೊಳೆಯುತ್ತದೆ, ತೊಟ್ಟು ದಪ್ಪವಾಗುತ್ತದೆ, ಭಾರಕ್ಕೆ ತಲೆ ಕೆಳಗೆ ಮಾಡುತ್ತದೆ. ನಿಲ್ಲದ್ದು ಹೂವಿನ ಕಡೆಯಿಂದ ಹಳದಿಯಾಗುತ್ತಾ ಬರುತ್ತದೆ. ಒಂದು ಸಲ ನೋಡಿದರೆ ಮತ್ತೆ ಗೊಂದಲ ಇರುವುದಿಲ್ಲ.

ಜೇನಿನ ವಿಚಾರ ಇನ್ನೊಂದಿದೆ. ಗಿಡದ ಮೇಲೆ ಹುಳುವಿಗೆ ಅಂತ ಬಲೆ ಮುಚ್ಚಿದ್ದೀರಾ? ಮುಚ್ಚಿದ್ದರೆ ಹೂವು ಶುರುವಾದ ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಜೇನೂ ಬರುವುದಿಲ್ಲ. ಬೆಳಗಿನ ಹೊತ್ತು ಯಾವ ಔಷಧಿಯನ್ನೂ ಸಿಂಪಡಿಸಬೇಡಿ, ಬೇವಿನ ಎಣ್ಣೆ ಕೂಡ ಬೇಡ. ಏನಿದ್ದರೂ ಹೂವು ಮುಚ್ಚಿದ ಮೇಲೆ, ಸಂಜೆಗೆ.

ಕತ್ತರಿ ಬೇಡ:
ಕುಡಿ ಚಿವುಟುವ ಪ್ರಶ್ನೆಗೆ ನನ್ನ ಉತ್ತರ ನನ್ನ ಹೆಸರಿನಲ್ಲೇ ಇದೆ. ವಿಡಿಯೋಗಳಲ್ಲಿ 3ಜಿ ಕಟಿಂಗ್ ಅಂತ ಒಂದು ಹುಚ್ಚು ಹಬ್ಬಿದೆ. ಮುಖ್ಯ ಬಳ್ಳಿಯ ಕುಡಿ ಕತ್ತರಿಸು, ಪಕ್ಕದ ಬಳ್ಳಿ ಬಂದರೆ ಅದರ ಕುಡಿ ಕತ್ತರಿಸು, ಮೂರನೇ ತಲೆಮಾರಿನ ಬಳ್ಳಿಯಲ್ಲಿ ಬರೀ ಹೆಣ್ಣು ಹೂವು ಅಂತ. ಸೋರೆಕಾಯಿಯಂಥ ಬಳ್ಳಿಯಲ್ಲಿ ಪಕ್ಕದ ಹಂಬಿನಲ್ಲಿ ಹೆಣ್ಣು ಹೂವು ಜಾಸ್ತಿ ಬರುವುದು ನಿಜ. ಕುಂಬಳಕ್ಕೆ ಅದರ ಅಗತ್ಯ ನನಗೆ ಕಂಡಿಲ್ಲ. ಅದು ತಾನಾಗಿಯೇ ಬೇಕಾದಷ್ಟು ಪಕ್ಕದ ಹಂಬು ಬಿಡುತ್ತದೆ. ಒಂದು ಬಳ್ಳಿಗೆ ನಾವು ಉಳಿಸಿಕೊಳ್ಳುವುದು ಎರಡು ಮೂರು ಕಾಯಿ. ಅದಕ್ಕೆ ಇಪ್ಪತ್ತು ಹೆಣ್ಣು ಹೂವು ಯಾಕೆ ಬೇಕು ಹೇಳಿ?

ಬಳ್ಳಿ ಜಾಗ ಮೀರಿ ಹೋಗುತ್ತಿದ್ದರೆ ಮಾತ್ರ, ಅದೂ ಕಾಯಿ ನಿಂತ ಮೇಲೆ, ಕೊನೆಯ ಕಾಯಿಯಿಂದ ನಾಲ್ಕೈದು ಎಲೆ ಮುಂದಕ್ಕೆ ಬಿಟ್ಟು ತುದಿ ಚಿವುಟಿ.

ತಾರಸಿ ತೋಟ:
ಕತ್ತರಿ ಬೇಡ ಅನ್ನುವವರೇ, ನಿಮಗೆ ಹಿತ್ತಲಿದೆ, ಹೇಳುತ್ತೀರಿ. ನಮಗೆ ನಾಲ್ಕು ಹೆಜ್ಜೆ ಜಾಗ. ಮುಖ್ಯ ಬಳ್ಳಿ ಆಳೆತ್ತರ ಆಗುತ್ತಿದ್ದ ಹಾಗೆ ನಾನು ತುದಿ ಚಿವುಟುತ್ತೇನೆ, ಎರಡು ಪಕ್ಕದ ಹಂಬು ಮಾತ್ರ ಬಿಟ್ಟು ಉಳಿದದ್ದು ತೆಗೆಯುತ್ತೇನೆ. ಹೆಣ್ಣು ಹೂವು ಬೇಗ ಬರಲಿ ಅಂತಲ್ಲ, ಚಪ್ಪರ ತಡೆದುಕೊಳ್ಳಲಿ ಅಂತ.

ಕುಂಡದಲ್ಲಿ ಬೆಳೆಸುವವರಿಗೆ ಒಂದೆರಡು ಮಾತು. ಕುಂಡವೋ ಚೀಲವೋ 60 ಲೀಟರಿಗಿಂತ ಚಿಕ್ಕದಿದ್ದರೆ ಕುಂಬಳದ ಸಹವಾಸ ಬೇಡ, ಬೇರೆ ಏನಾದರೂ ಹಾಕಿ. ಒಂದು ಚೀಲಕ್ಕೆ ಒಂದೇ ಗಿಡ. ಎರಡು ಕೆಜಿ ಒಳಗಿನ ಕಾಯಿ ಬಿಡುವ ತಳಿಯನ್ನೇ ಹುಡುಕಿ. ಚಪ್ಪರದಲ್ಲಿ ಜೋತಾಡುವ ಕಾಯಿಗೆ ಹಳೆಯ ಬನಿಯನ್ ಬಟ್ಟೆಯಲ್ಲಿ ತೊಟ್ಟಿಲು ಮಾಡಿ ಕಟ್ಟುತ್ತೇನೆ. ಬಟ್ಟೆ ಹಿಗ್ಗುವುದರಿಂದ ಕಾಯಿ ದಪ್ಪವಾದರೂ ಬಿಗಿಯುವುದಿಲ್ಲ. ಭಾರವೆಲ್ಲ ತೊಟ್ಟಿನ ಮೇಲೆ ಬೀಳದೆ ಚಪ್ಪರಕ್ಕೆ ಹೋಗುತ್ತದೆ. ನೆಲದಲ್ಲಿ ಬೆಳೆಸುವವರಿಗೆ ಈ ಗೋಳಿಲ್ಲ, ಕಾಯಿಯ ಕೆಳಗೆ ಒಂದು ಹಲಗೆ ಚೂರು, ಇಲ್ಲ ಒಣಹುಲ್ಲು ಇಟ್ಟರೆ ಸಾಕು. ಒದ್ದೆ ಮಣ್ಣಿಗೆ ತಾಗಿ ಕೊಳೆಯುವುದಿಲ್ಲ.

ನೀರಿನ ಬಗ್ಗೆ: ಮಧ್ಯಾಹ್ನ ಎಲೆ ಜೋತು ಬಿದ್ದರೆ ಓಡಿ ಹೋಗಿ ನೀರು ಹಾಕಬೇಡಿ. ಅಷ್ಟು ದೊಡ್ಡ ಎಲೆ, ಬಿಸಿಲಿಗೆ ಬೇರು ಕೊಡುವುದಕ್ಕಿಂತ ಜಾಸ್ತಿ ನೀರು ಆರಿಹೋಗುತ್ತದೆ. ಸಂಜೆಗೆ ಎದ್ದು ನಿಂತರೆ ಎಲ್ಲ ಸರಿಯಿದೆ ಅಂತ. ಬೆಳಿಗ್ಗೆಯೂ ಜೋತಿದ್ದರೆ ಆಗ ಯೋಚನೆ ಮಾಡಿ. ಬೆರಳು ಮಣ್ಣಿಗೆ ಇಳಿಸಿ ನೋಡಿ, ಎರಡು ಇಂಚು ಕೆಳಗೂ ಒಣಗಿದ್ದರೆ ನೀರು ಕೊಡಿ.

ಮಣ್ಣಿನ ಕೈ:
ನೆಲದಲ್ಲಿ ಬೆಳೆಸುವವರು ನೀರನ್ನು ದಿನಾ ಚೂರುಚೂರು ಹಾಕುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಪಾತಿ ತುಂಬ ಕೊಡುವುದು ಒಳ್ಳೆಯದು. ಬೇರು ಆಳಕ್ಕೆ ಹೋಗುತ್ತದೆ. ಎಲೆಗೆ ಬೇಡ, ಬುಡಕ್ಕೆ ಕೊಡಿ. ಪಾತಿಗೆ ತರಗೆಲೆ ಹೊದಿಸಿ.

ನೆಲದ ಮೇಲೆ ಹರಿಯುವ ಬಳ್ಳಿಗೆ ಇನ್ನೊಂದು ಅನುಕೂಲವಿದೆ. ಎಲೆ ಹೊರಡುವ ಗೆಣ್ಣು ಮಣ್ಣಿಗೆ ತಾಗಿದ ಕಡೆ ಬೇರು ಬಿಡುತ್ತದೆ. ಅಲ್ಲಿ ಒಂದು ಬೊಗಸೆ ಮಣ್ಣು ಎಳೆದುಬಿಡಿ. ಬುಡಕ್ಕೆ ಏನಾದರೂ ಹುಳು ಬಿದ್ದರೂ ಮುಂದಿನ ಬೇರು ಬಳ್ಳಿಯನ್ನು ಸಾಕುತ್ತದೆ. ಅದಕ್ಕೇ ಬಳ್ಳಿಯನ್ನು ಎತ್ತಿ ಆಕಡೆ ಈಕಡೆ ಸರಿಸುವ ಅಭ್ಯಾಸ ಒಳ್ಳೆಯದಲ್ಲ. ದಾರಿಗೆ ಅಡ್ಡ ಬರುತ್ತದೆ ಅಂದರೆ ಎಳೆಯದಿದ್ದಾಗಲೇ ದಿಕ್ಕು ತಿರುಗಿಸಿ.

ಕಾಯಿ ಎಷ್ಟು ಬಿಡಬೇಕು ಅಂತ ಕೇಳಿದ್ದಿರಿ. ಮಧ್ಯಮ ಗಾತ್ರದ ತಳಿಯಾದರೆ ಎರಡು, ಮೂರು. ಮೊದಲ ಎರಡು ಕಾಯಿ ದಪ್ಪವಾಗತೊಡಗಿದ ಮೇಲೆ ಬಳ್ಳಿಯೇ ಮುಂದಿನ ಹೀಚುಗಳನ್ನು ಉದುರಿಸುತ್ತದೆ, ಪರಾಗ ಸರಿಯಾಗಿ ಸೇರಿದ್ದರೂ ಸರಿ. ಅದನ್ನು ರೋಗ ಅಂದುಕೊಳ್ಳಬೇಡಿ. ದೈತ್ಯ ಕುಂಬಳ ಬೆಳೆಸುವವರ ಪಂಗಡವೇ ಒಂದಿದೆ, ಅವರು ಬಳ್ಳಿಗೆ ಒಂದೇ ಕಾಯಿ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತುಹಾಕುತ್ತಾರೆ. 2023ರಲ್ಲಿ ಅಮೆರಿಕದ ಹಾಫ್ ಮೂನ್ ಬೇ ಸ್ಪರ್ಧೆಯಲ್ಲಿ ಗೆದ್ದ ಕಾಯಿ 1,247 ಕೆಜಿ ತೂಗಿತ್ತು. ಅಂಥವು ಅಟ್ಲಾಂಟಿಕ್ ಜೈಂಟ್ ಅನ್ನುವ ತಳಿಯ ಪೈಕಿ, ನಮ್ಮ ಹಿತ್ತಲಿಗೆ ಸಂಬಂಧವಿಲ್ಲ. ಆದರೆ ಲೆಕ್ಕ ಅದೇ: ಕಾಯಿ ಕಡಿಮೆಯಾದಷ್ಟೂ ಗಾತ್ರ ಜಾಸ್ತಿ.

ಹೊಸ ಹಿತ್ತಲು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಗಿನ ಪಾಳಿ ಅವರೇ, ನೀವು ಹೇಳಿದ ಹಾಗೆ ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಎರಡು ಹೆಣ್ಣು ಹೂವು ಸಿಕ್ಕವು, ಸವರಿದ್ದೇನೆ. ಮೂರು ಗಂಟು ಅಂದಿರಲ್ಲ, ಹಾಗೇ ಇತ್ತು! ಇನ್ನೊಂದು ಪ್ರಶ್ನೆ. ಎಲೆಗಳ ಮೇಲೆ ಬಿಳಿ ಬಿಳಿ ಮಚ್ಚೆ ಇದೆ. ಬೂದಿ ರೋಗ ಅಂತ ಭಯವಾಗುತ್ತಿದೆ. ಗಂಧಕ ಹೊಡೆಯಲಾ?

ಬೀಜದ ಬುಟ್ಟಿ:
ಸ್ವಲ್ಪ ತಡೀರಿ. ಮಚ್ಚೆ ಎಲ್ಲಿದೆ ಅಂತ ನೋಡಿದಿರಾ? ಎಲೆಯ ನರಗಳು ಕವಲೊಡೆಯುವ ಕಡೆಯೇ ಇದೆಯಾ? ಮೂಲೆ ಮೂಲೆಯಾಗಿ, ಬೆಳ್ಳಿ ಬಣ್ಣದಲ್ಲಿ, ಎಲ್ಲ ಎಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇದೆಯಾ? ಹಾಗಿದ್ದರೆ ಅದು ರೋಗವಲ್ಲ, ತಳಿಯ ಗುಣ. ಸಿಹಿಗುಂಬಳದ ಎಷ್ಟೋ ತಳಿಗಳ ಎಲೆ ಹುಟ್ಟಾ ಹಾಗೇ. ಬೆರಳಿನಿಂದ ಒರೆಸಿ ನೋಡಿ. ಬೂದಿ ರೋಗವಾದರೆ ಪುಡಿ ಬೆರಳಿಗೆ ಬರುತ್ತದೆ. ಅದು ದುಂಡಗಿನ ಚುಕ್ಕೆಯಾಗಿ ಶುರುವಾಗಿ, ಹಿಟ್ಟು ಉದುರಿಸಿದ ಹಾಗೆ ಹರಡುತ್ತದೆ. ಹಳೆಯ ಎಲೆ, ನೆರಳಿನಲ್ಲಿರುವ ಎಲೆ ಮೊದಲು. ಎಳೆ ಎಲೆಯಲ್ಲೂ ಅದೇ ಬೆಳ್ಳಿ ಮಚ್ಚೆ ಇದ್ದರೆ ನಿಶ್ಚಿಂತೆಯಿಂದ ಮಲಗಿ.

ನಿಜವಾದ ಬೂದಿ ರೋಗವೇ ಆಗಿದ್ದರೂ ಗಂಧಕದ ವಿಚಾರದಲ್ಲಿ ಜೋಪಾನ. ಕುಂಬಳ, ಸೌತೆ ಜಾತಿಯ ಎಲೆಗಳಿಗೆ ಗಂಧಕ ಅಷ್ಟಾಗಿ ಆಗಿಬರುವುದಿಲ್ಲ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಟ್ಟುಹೋಗುತ್ತದೆ.

ಮನೆ ತೋಟಕ್ಕೆ ಹಾಲು ನೀರು ಸಾಕು. ಒಂದು ಪಾಲು ಹಾಲು, ಒಂಬತ್ತು ಪಾಲು ನೀರು. ವಾರಕ್ಕೊಮ್ಮೆ, ಬೆಳಕಿರುವ ದಿನ, ಎಲೆಯ ಎರಡೂ ಕಡೆ ಸಿಂಪಡಿಸಬೇಕು. ಇದು ಅಜ್ಜಿ ಮದ್ದಲ್ಲ. ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ ಕುಂಬಳದ ಕುಟುಂಬದ್ದೇ ಆದ ಜುಕಿನಿ ಮೇಲೆ ಪ್ರಯೋಗ ಮಾಡಿ 1999ರಲ್ಲಿ ಪ್ರಕಟಿಸಿದ್ದಾರೆ. ಆದರೆ ರೋಗ ಶುರುವಾಗುವಾಗ ಹೊಡೆದರೆ ಮಾತ್ರ ಕೆಲಸ. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಹಾಲಿನಿಂದಲೂ ಆಗುವುದಿಲ್ಲ, ಗಂಧಕದಿಂದಲೂ ಆಗುವುದಿಲ್ಲ. ಕಾಯಿ ಬಲಿಯುವ ಹೊತ್ತಿಗೆ ಹಳೆಯ ಎಲೆಗಳಿಗೆ ಬೂದಿ ಬಂದರೆ ನಾನು ತಲೆಕೆಡಿಸಿಕೊಳ್ಳುವುದೇ ಇಲ್ಲ. ಹೇಗೂ ಬಳ್ಳಿಯ ಆಯಸ್ಸು ಮುಗಿಯುತ್ತಾ ಬಂದಿರುತ್ತದೆ.

ಭಯಪಡಬೇಕಾದ್ದು ಬೇರೆ ಇದೆ. ಎಳೆ ಎಲೆ ಮುರುಟಿ, ಹಳದಿ ಹಸಿರು ಕಲಸಿದ ಹಾಗಾಗಿ, ಚಿಕ್ಕದಾಗಿ ಬರುತ್ತಿದ್ದರೆ ಅದು ವೈರಸ್. ಗಿಡದ ಹೇನು, ಬಿಳಿನೊಣ ತಂದು ಹಾಕುತ್ತವೆ. ಔಷಧಿ ಇಲ್ಲ. ಗಿಡ ಕಿತ್ತು ದೂರ ಹಾಕಿ.

ಬೆಳಗಿನ ಪಾಳಿ:
ಹೀಚು ಬೀಳುವುದಕ್ಕೆ ಪರಾಗ ಸೇರದೆ ಇರುವುದೊಂದೇ ಕಾರಣ ಅಂತ ಎಲ್ಲರೂ ಅಂದುಕೊಂಡುಬಿಟ್ಟರೆ ಕಷ್ಟ. ಹಣ್ಣು ನೊಣದ ಬಗ್ಗೆ ಯಾರೂ ಹೇಳಿಲ್ಲ. ಬಿದ್ದ ಹೀಚನ್ನು ಎಸೆಯುವ ಮುಂಚೆ ಕೈಗೆ ತೆಗೆದುಕೊಂಡು ನೋಡಿ. ಸೂಜಿ ಚುಚ್ಚಿದಂಥ ತೂತು, ಅದರ ಬಾಯಲ್ಲಿ ಒಂದು ಹನಿ ಅಂಟು ಒಸರಿ ಗಟ್ಟಿಯಾಗಿದ್ದರೆ ಅದು ನೊಣದ ಕೆಲಸ. ಕತ್ತರಿಸಿದರೆ ಒಳಗೆ ಬಿಳಿ ಹುಳು ಕಾಣುತ್ತವೆ. ಕೆಲವು ಸಲ ಕಾಯಿ ಬೀಳುವುದಿಲ್ಲ, ಚುಚ್ಚಿದ ಕಡೆ ಗುಳಿ ಬಿದ್ದು ಸೊಟ್ಟಗೆ ಬೆಳೆಯುತ್ತದೆ.

ನೊಣದ ಮೊಟ್ಟೆ ಕಾಯಿಯ ಸಿಪ್ಪೆಯ ಒಳಗೆ ಇರುವುದರಿಂದ ಮೇಲೆ ಏನು ಹೊಡೆದರೂ ತಲುಪುವುದಿಲ್ಲ. ಕಾಯಿ ನಿಂತಿದೆ ಅಂತ ಖಾತ್ರಿಯಾದ ಕೂಡಲೇ ಚೀಲ ಕಟ್ಟಬೇಕು. ಕಾಗದದ ಚೀಲ, ಹಳೆಯ ತೆಳು ಬಟ್ಟೆ, ಸೊಳ್ಳೆಪರದೆ ಚೂರು, ಯಾವುದಾದರೂ ಸರಿ. ಪ್ಲಾಸ್ಟಿಕ್ ಬೇಡ, ಬೆವರಿ ಕೊಳೆಯುತ್ತದೆ. ಸಿಪ್ಪೆ ಗಟ್ಟಿಯಾಗುವವರೆಗೆ ಚೀಲ ಇರಲಿ. ಹುಳು ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಮೇಲೆ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ, ಒಳಗೇ ಬೇಯಲಿ.

ವಾಸನೆಯಿಂದ ನೊಣ ಸೆಳೆಯುವ ಮೋಹಕ ಬಲೆ ಇಡುವುದಾದರೆ ಕ್ಯೂ ಲೂರ್ ಅನ್ನುವ ಆಕರ್ಷಕ ಇರುವುದನ್ನೇ ಕೇಳಿ. ಮಾವಿನ ನೊಣಕ್ಕೆ ಇಡುವ ಮೀಥೈಲ್ ಯುಜಿನಾಲ್ ಬಲೆಗೆ ಕುಂಬಳದ ನೊಣ ಬರುವುದಿಲ್ಲ. ಎರಡೂ ಬಲೆ ನೋಡಲು ಒಂದೇ ಥರ ಇರುವುದರಿಂದ ತುಂಬಾ ಜನ ಇಲ್ಲಿ ಎಡವುತ್ತಾರೆ. ಮತ್ತೆ, ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಬಲೆ ಇದೆ ಅಂತ ಚೀಲ ಕಟ್ಟುವುದನ್ನು ಬಿಡಬೇಡಿ.

ಕತ್ತರಿ ಬೇಡ:
ಮುಂದಿನ ಸಲ ಬೀಜ ಹಾಕುವಾಗ ಕೆಂಪು ದುಂಬಿಯನ್ನೂ ನೆನಪಿಟ್ಟುಕೊಳ್ಳಿ. ಬೆಳೆದ ಬಳ್ಳಿಯಲ್ಲಿ ಎಲೆ ತೂತಾದರೆ ಏನೂ ಆಗುವುದಿಲ್ಲ. ಬೀಜದೆಲೆ ಎರಡೇ ಇರುವಾಗ ಬಂದರೆ ಬೆಳಗಾಗುವುದರೊಳಗೆ ಸಸಿಯೇ ಇರುವುದಿಲ್ಲ. ನಾಲ್ಕೈದು ಎಲೆ ಬರುವವರೆಗೆ ಬಲೆ ಮುಚ್ಚಿ. ಬಂದಿದ್ದರೆ ಬೆಳಗಿನ ತಂಪಿನಲ್ಲಿ ಹಿಡಿಯಿರಿ, ಆಗ ಅವಕ್ಕೆ ಚುರುಕಿರುವುದಿಲ್ಲ. ಸೋಪಿನ ನೀರಿನ ಡಬ್ಬ ಎಲೆಯ ಕೆಳಗೆ ಹಿಡಿದು ಎಲೆ ತಟ್ಟಿದರೆ ತಾವೇ ಬೀಳುತ್ತವೆ.

ಗೊಬ್ಬರದ ಗುಂಡಿ:
ನಾನು ಸ್ವಲ್ಪ ಸೋಮಾರಿ. ನನ್ನ ಕುಂಬಳ ಎಲ್ಲ ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ್ದು. ಬೀಜ ಹಾಕಿಲ್ಲ, ಪರಾಗ ಸವರಿಲ್ಲ, ಕಾಯಿ ಬಿಟ್ಟಿದೆ. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ. ಕಳಿತ ಗೊಬ್ಬರದ ಗುಡ್ಡೆಗಿಂತ ಕುಂಬಳಕ್ಕೆ ಇಷ್ಟವಾದ ಜಾಗ ಇನ್ನೊಂದಿಲ್ಲ.

ಬೀಜದ ಬುಟ್ಟಿ:
ಅಣ್ಣ, ನಿಮ್ಮ ಅದೃಷ್ಟ ಚೆನ್ನಾಗಿದೆ, ಜೇನೂ ಚೆನ್ನಾಗಿವೆ. ಆದರೆ ತಾನಾಗಿ ಹುಟ್ಟಿದ ಬಳ್ಳಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಾಯಿ ಕುಯ್ದ ಮೇಲೆ ಹಸಿ ಚೂರನ್ನು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು, ಪೂರ್ತಿ ಕಾಯಿ ಎಸೆದುಬಿಡಿ. ಕುಂಬಳ, ಜುಕಿನಿ, ಸೋರೆ ಇವುಗಳ ಕಹಿಗೆ ಕಾರಣ ಕುಕರ್ಬಿಟಾಸಿನ್ ಅನ್ನುವ ವಿಷ. ಬೇಯಿಸಿದರೂ ಹೋಗುವುದಿಲ್ಲ. ಅಲಂಕಾರಕ್ಕೆ ಬೆಳೆಸುವ ಕುಂಬಳ, ಕಾಡು ಜಾತಿಯ ಕುಂಬಳ ಹತ್ತಿರದಲ್ಲಿದ್ದು ಪರಾಗ ಬೆರೆತಿದ್ದರೆ ಅದರ ಬೀಜದಿಂದ ಬಂದ ಗಿಡದಲ್ಲಿ ಈ ಕಹಿ ಬರಬಹುದು. 2015ರಲ್ಲಿ ಜರ್ಮನಿಯಲ್ಲಿ ಮನೆಯ ತೋಟದ ಕಹಿ ಜುಕಿನಿ ತಿಂದು ವೃದ್ಧರೊಬ್ಬರು ತೀರಿಕೊಂಡರು. ಹೆದರಿಸುವುದಕ್ಕೆ ಹೇಳುತ್ತಿಲ್ಲ, ಇದು ಅಪರೂಪವೇ. ಆದರೆ ಕಹಿಯಿದ್ದರೂ ಹಾಳಾಗಬಾರದು ಅಂತ ತಿನ್ನುವವರಿದ್ದಾರೆ, ಅದಕ್ಕೆ ಹೇಳಿದೆ.

ಬೀಜ ಉಳಿಸುವ ಆಸೆ ಇದ್ದರೆ ಹೊಸ ಹಿತ್ತಲು ಅವರು ಇನ್ನೊಂದು ಹೆಜ್ಜೆ ಸೇರಿಸಿಕೊಳ್ಳಬಹುದು. ಸಂಜೆ ಗುರುತು ಮಾಡುವಾಗಲೇ ನಾಳೆ ಅರಳುವ ಒಂದು ಹೆಣ್ಣು ಮೊಗ್ಗಿನ, ಎರಡು ಗಂಡು ಮೊಗ್ಗಿನ ತುದಿಯನ್ನು ದಾರದಿಂದ ಕಟ್ಟಿಬಿಡಿ. ಬೆಳಿಗ್ಗೆ ಬಿಚ್ಚಿ ಸವರಿ, ಹೆಣ್ಣನ್ನು ಮತ್ತೆ ಕಟ್ಟಿ. ಬೇರೆ ಪರಾಗ ಸೇರುವ ಪ್ರಶ್ನೆಯೇ ಇಲ್ಲ. ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತಿಡಿ. ಹೈಬ್ರಿಡ್ ಬೀಜ ತಂದಿದ್ದರೆ ಈ ಶ್ರಮ ಬೇಡ, ಮುಂದಿನ ಪೀಳಿಗೆ ಒಂದೊಂದು ಒಂದೊಂದು ಥರ ಬರುತ್ತದೆ. ಪಕ್ಕದಲ್ಲಿ ಬೂದುಗುಂಬಳ ಇದ್ದರೆ ಬೆರೆಯುತ್ತದಾ ಅಂತ ಕೆಲವರು ಕೇಳುತ್ತಾರೆ. ಇಲ್ಲ, ಅದು ಬೇರೆಯೇ ಜಾತಿ. ಇನ್ನು, ಬೆರಕೆ ಪರಾಗ ಸೇರಿದರೂ ಈಗಿರುವ ಕಾಯಿಯ ರುಚಿ ಬದಲಾಗುವುದಿಲ್ಲ. ಬದಲಾಗುವುದು ಒಳಗಿನ ಬೀಜ.

ಹೊಸ ಹಿತ್ತಲು:
ಮಚ್ಚೆ ಒರೆಸಿ ನೋಡಿದೆ, ಬೆರಳಿಗೆ ಏನೂ ಬರಲಿಲ್ಲ. ಎಳೆ ಎಲೆಯಲ್ಲೂ ಇದೆ. ಸಮಾಧಾನವಾಯಿತು. ಸವರಿದ ಎರಡರಲ್ಲಿ ಒಂದು ಹೀಚು ತಲೆ ಬಗ್ಗಿಸಿದೆ, ಬಟ್ಟೆ ಕಟ್ಟಿದ್ದೇನೆ. ಇನ್ನೊಂದು ಹೋಯಿತು. ಕೊನೆಯದಾಗಿ, ಕುಯ್ಯುವುದು ಯಾವಾಗ ಅಂತ ಹೇಗೆ ಗೊತ್ತಾಗುತ್ತದೆ?

ಮಣ್ಣಿನ ಕೈ:
ಎರಡರಲ್ಲಿ ಒಂದು ನಿಂತಿದ್ದು ಒಳ್ಳೆಯ ಲೆಕ್ಕವೇ. ಹೂವು ಸಿಕ್ಕಾಗಲೆಲ್ಲ ಸವರುತ್ತಾ ಇರಿ.

ಬಣ್ಣ ನೋಡಿ ಕುಯ್ಯಬೇಡಿ, ತಳಿಯಿಂದ ತಳಿಗೆ ಬಣ್ಣ ಬೇರೆ. ತೊಟ್ಟು ನೋಡಿ. ಹಸಿರು ಹೋಗಿ, ಒಣಗಿ, ಬಿರುಕು ಬಿಟ್ಟ ಮರದ ತೊಗಟೆಯ ಬಣ್ಣ ಬಂದಿರಬೇಕು. ಕಾಯಿಯ ಹತ್ತಿರ ಸುರುಳಿ ಸುತ್ತಿರುವ ಎಳೆಯೂ ಒಣಗಿರುತ್ತದೆ. ಸಿಪ್ಪೆಗೆ ಉಗುರು ಒತ್ತಿದರೆ ಇಳಿಯಬಾರದು. ಸಾಮಾನ್ಯವಾಗಿ ಹೂವು ಅರಳಿದ ದಿನದಿಂದ 40ರಿಂದ 50 ದಿನ ಹಿಡಿಯುತ್ತದೆ. ಸವರಿದ ದಿನವನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ, ಅಂದಾಜಿಗೆ ಅನುಕೂಲ. ಎಳೆಯದಾಗಿ ಬೇಕಿದ್ದರೆ ಬೇಗ ಕುಯ್ಯಬಹುದು, ತೊಂದರೆಯಿಲ್ಲ, ಆದರೆ ಅದು ಇಟ್ಟರೆ ಉಳಿಯುವುದಿಲ್ಲ.

ಬಲಿಯುವ ಕೊನೆಯ ವಾರ ನೀರು ಕಡಿಮೆ ಮಾಡಿ. ಕುಯ್ಯುವಾಗ ಕೈಯಿಂದ ತಿರುಚಬೇಡಿ, ಚಾಕುವಿನಿಂದ ನಾಲ್ಕು ಬೆರಳಗಲ ತೊಟ್ಟು ಬಿಟ್ಟು ಕತ್ತರಿಸಿ. ಎತ್ತುವಾಗ ತೊಟ್ಟು ಹಿಡಿದು ಎತ್ತುವುದು ಬೇಡ, ತಳಕ್ಕೆ ಕೈ ಕೊಡಿ. ತೊಟ್ಟು ಕಿತ್ತು ಬಂದ ಜಾಗದಿಂದಲೇ ಕೊಳೆ ಶುರುವಾಗುವುದು.

ತಾರಸಿ ತೋಟ:
ಕುಯ್ದ ಮೇಲೆ ತಕ್ಷಣ ಒಳಗೆ ಪೇರಿಸಬೇಡಿ. ಗಾಳಿಯಾಡುವ, ಬೆಚ್ಚಗಿನ, ಮಳೆ ಬೀಳದ ಜಾಗದಲ್ಲಿ ಹತ್ತು ಹದಿನೈದು ದಿನ ಬಿಡಿ. ಸಿಪ್ಪೆ ಇನ್ನಷ್ಟು ಗಟ್ಟಿಯಾಗುತ್ತದೆ, ಸಣ್ಣಪುಟ್ಟ ಗೀರು ಮಾಗಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಒಂದಕ್ಕೊಂದು ತಾಗದ ಹಾಗೆ ಹಲಗೆ ಮೇಲೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಫ್ರಿಜ್‌ನಲ್ಲಿ ಇಡೀ ಕಾಯಿ ಇಡಬೇಡಿ, 10 ಡಿಗ್ರಿಗಿಂತ ಕೆಳಗೆ ತುಂಬಾ ದಿನ ಇದ್ದರೆ ಅದು ಒಳಗಿಂದ ಹಾಳಾಗುತ್ತದೆ. ಇಟ್ಟಷ್ಟು ದಿನ ಪಿಷ್ಟ ಸಕ್ಕರೆಯಾಗುವುದರಿಂದ ಸಿಹಿಯೂ ಹೆಚ್ಚುತ್ತದೆ, ಹಾಗಾಗಿ ಚೆನ್ನಾಗಿ ಬಲಿತ ಕಾಯಿಗೆ ಆತುರ ಬೇಡ. ತೊಟ್ಟು ಮುರಿದದ್ದು, ಗೀರು ಆಳವಾಗಿ ಬಿದ್ದದ್ದು ಇದ್ದರೆ ಅದನ್ನು ಬೇರೆ ಇಟ್ಟು ಮೊದಲು ಬಳಸಿ.